ಮೂವತ್ತು ಮಿಲಿಗ್ರಾಂ, ಮೂರು ತಾಸು

ಕೂಡ್ಲಿಗಿ ದಾಟಿ ಹೊಸಪೇಟೆ ಕಡೆ ಹೊರಟ ಬೈಕೊಂದು ರಾಷ್ಟ್ರೀಯ ಹೆದ್ದಾರಿ 50ರಲ್ಲಿ ರಾತ್ರಿ ಒಂಬತ್ತಕ್ಕೆ ಯಾರಿಗೋ ಗುದ್ದಿತು ಎಂದಿಟ್ಟುಕೊಳ್ಳಿ. ಸವಾರ 60 ಕಿಲೊ ತೂಕದ ಆಳು. ಸಂಜೆ ಹೊಲದಿಂದ ಬಂದವನು 90 ಎಂ.ಎಲ್.ನ ಒಂದೇ ಒಂದು ಪ್ಯಾಕೆಟ್ ಹರಿದು ಗಂಟಲಿಗೆ ಸುರಿದುಕೊಂಡಿದ್ದ. ಶೇ. 42.8ರ ಮದ್ಯ ಅಷ್ಟು ಎಂದರೆ ಹೆಚ್ಚುಕಡಿಮೆ 30 ಗ್ರಾಂ ಆಲ್ಕೋಹಾಲ್. ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ 1932ರ ಪುಸ್ತಕದಲ್ಲಿ ಕೊಟ್ಟ ಸೂತ್ರಕ್ಕೆ ಈ ಅಂಕಿಗಳನ್ನು ಹಾಕಿದರೆ, ಅಷ್ಟೂ ಒಮ್ಮೆಗೇ ರಕ್ತಕ್ಕೆ ಸೇರಿದ್ದರೆ 100 ಎಂ.ಎಲ್.ಗೆ ಸುಮಾರು 75 ಮಿಲಿಗ್ರಾಂ ಆಗುತ್ತಿತ್ತು. ಹೊಟ್ಟೆಯಲ್ಲಿ ರೊಟ್ಟಿ ಇತ್ತು, ಸ್ವಲ್ಪ ಹೊತ್ತೂ ಕಳೆದಿತ್ತು. ಗುದ್ದಿದಾಗ 60 ಇತ್ತೆನ್ನೋಣ. ಕಾನೂನಿನ ಮಿತಿ 30.

ಆಮೇಲಿನ ಕತೆ ತಾಲ್ಲೂಕು ಆಸ್ಪತ್ರೆಗಳ ಕಡೆ ಸುಳಿದವರಿಗೆಲ್ಲ ಗೊತ್ತು. ಮೊದಲು ಗಾಯಾಳುವನ್ನು ಆಂಬುಲೆನ್ಸಿಗೆ ಹತ್ತಿಸಬೇಕು. ಠಾಣೆಯಿಂದ ಸಿಬ್ಬಂದಿ ಬರಬೇಕು. ಎಂಎಲ್‌ಸಿ ಎಂಬ ಕಾನೂನು-ವೈದ್ಯಕೀಯ ದಾಖಲೆ ಬರೆಸಲು ಮನವಿ ಪತ್ರ ಬೇಕು. ಡ್ಯೂಟಿ ಡಾಕ್ಟರು ಒಬ್ಬರೇ, ಅವರು ಹೆರಿಗೆ ಕೋಣೆಯಲ್ಲಿದ್ದಾರೆ. ಸಿರಿಂಜು ನರಕ್ಕೆ ಇಳಿಯುವ ಹೊತ್ತಿಗೆ ಹನ್ನೆರಡು ಗಂಟೆ. ಮನುಷ್ಯನ ಯಕೃತ್ತು ತಾಸಿಗೆ ಸರಾಸರಿ 15 ಮಿಲಿಗ್ರಾಂನಂತೆ ರಕ್ತದ ಆಲ್ಕೋಹಾಲನ್ನು ಇಳಿಸುತ್ತ ಹೋಗುತ್ತದೆ. ಮೂರು ತಾಸಿಗೆ 45. ಸೀಸೆಗೆ ಬಿದ್ದ ರಕ್ತದಲ್ಲಿ ಉಳಿದದ್ದು 15. ಪ್ರಯೋಗಾಲಯ 15 ಎಂದೇ ವರದಿ ಕೊಡುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ನ್ಯಾಯಾಲಯ ಕೇಳುವುದು ಹನ್ನೆರಡು ಗಂಟೆಯ ರಕ್ತವನ್ನಲ್ಲ, ಒಂಬತ್ತು ಗಂಟೆಯ ರಕ್ತವನ್ನು.

ಹಿಂದಕ್ಕೆ ಲೆಕ್ಕ ಹಾಕಬಹುದಲ್ಲ ಎನ್ನುವವರಿದ್ದಾರೆ. ಹಾಕಬಹುದು, ಆದರೆ ತಾಸಿಗೆ 15 ಎಂಬುದು ಸರಾಸರಿ ಮಾತ್ರ. ಒಬ್ಬರಲ್ಲಿ ಅದು 10, ದಿನಾ ಕುಡಿಯುವ ಇನ್ನೊಬ್ಬರಲ್ಲಿ 25. ಹನ್ನೆರಡಕ್ಕೆ 15 ಇದ್ದರೆ ಒಂಬತ್ತಕ್ಕೆ 45 ಇದ್ದಿರಬಹುದು, 90 ಕೂಡ ಇದ್ದಿರಬಹುದು. ಅದೂ ಅಪಘಾತವಾದ ಹೊತ್ತಿಗೆ ಮದ್ಯ ಪೂರ್ತಿ ರಕ್ತಕ್ಕೆ ಸೇರಿತ್ತು ಎಂದು ಒಪ್ಪಿಕೊಂಡರೆ. ಗುದ್ದುವ ಹತ್ತು ನಿಮಿಷ ಮೊದಲು ಕುಡಿದಿದ್ದರೆ ಲೆಕ್ಕ ಪೂರಾ ತಲೆಕೆಳಗು: ಮಟ್ಟ ಇನ್ನೂ ಏರುತ್ತಿರುತ್ತದೆ, ಹಿಂದಕ್ಕೆ ಹೋದಷ್ಟೂ ಕಡಿಮೆ ಸಿಗುತ್ತದೆ.

ಇದು ಕಾಗದದ ಮೇಲಿನ ಕುತರ್ಕವಲ್ಲ. 2019ರ ಆಗಸ್ಟ್ 3ರ ನಸುಕಿನಲ್ಲಿ ತಿರುವನಂತಪುರದಲ್ಲಿ ಐಎಎಸ್ ಅಧಿಕಾರಿಯೊಬ್ಬರಿದ್ದ ಕಾರು ಗುದ್ದಿ ‘ಸಿರಾಜ್’ ಪತ್ರಿಕೆಯ ಪತ್ರಕರ್ತ ಕೆ.ಎಂ. ಬಷೀರ್ ತೀರಿಕೊಂಡರು. ಆ ಅಧಿಕಾರಿಯ ರಕ್ತ ತೆಗೆದದ್ದು ಒಂಬತ್ತು ತಾಸಿಗೂ ಹೆಚ್ಚು ತಡವಾಗಿ. ವರದಿಯಲ್ಲಿ ಮದ್ಯ ಪತ್ತೆಯಾಗಲಿಲ್ಲ. ಆ ‘ಪತ್ತೆಯಾಗಲಿಲ್ಲ’ ಎಂಬುದು ಏನನ್ನು ಸಾಬೀತು ಮಾಡುತ್ತದೆ? ಮೇಲಿನ ಲೆಕ್ಕ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ರಾಜಧಾನಿಯ ನಗರದಲ್ಲೇ ಹೀಗಾದರೆ ಹಗರಿಬೊಮ್ಮನಹಳ್ಳಿಯ ರಾತ್ರಿ ಪಾಳಿಯನ್ನು ದೂರುವುದು ಸುಲಭದ ಕೆಲಸ.

ಈ ತಾಲ್ಲೂಕುಗಳಿರುವ ಮೈಲಾರ ಸೀಮೆಗೆ ಕುಡಿತದ ಜೊತೆಗೂ, ಅದರ ಕಾನೂನಿನ ಜೊತೆಗೂ ಹಳೆಯ ಸಂಬಂಧವಿದೆ. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸಿನ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 1937ರಲ್ಲಿ ರಾಜಾಜಿ ಸೇಲಂನಿಂದ ಶುರು ಮಾಡಿದ ಮದ್ಯನಿಷೇಧ 1948ರ ಹೊತ್ತಿಗೆ ಇಡೀ ಪ್ರಾಂತ್ಯಕ್ಕೆ ಹಬ್ಬಿತ್ತು. ಮೈಲಾರಲಿಂಗನ ಗುಡಿಯಿಂದ ತುಂಗಭದ್ರೆ ದಾಟಿದರೆ ಹಾವೇರಿ ಸೀಮೆ, ಆಗಿನ ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ್ಯ. ಅಲ್ಲಿ ನಡೆಯುತ್ತಿದ್ದದ್ದು 1949ರ ಮುಂಬಯಿ ಪಾನನಿಷೇಧ ಕಾಯ್ದೆ. ಒಂದೇ ಹೊಳೆ, ಎರಡು ದಂಡೆ, ಎರಡು ನಿಷೇಧ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಅದರ ಜಾಗಕ್ಕೆ ಪ್ಯಾಕೆಟ್ಟಿನ ಅಗ್ಗದ ವಿಸ್ಕಿ ಬಂತು. ಗಾಂಧೀಜಿಯ ಚಿತಾಭಸ್ಮ ಇಟ್ಟುಕೊಂಡ ಸ್ಮಾರಕವಿರುವ ಕೂಡ್ಲಿಗಿಯಲ್ಲಿಯೇ 2016ರ ಜೂನ್‌ನಲ್ಲಿ, ಮದ್ಯದಂಗಡಿಯ ತಕರಾರಿನ ನಡುವೆ, ಡಿವೈಎಸ್ಪಿ ಅನುಪಮಾ ಶೆಣೈ ರಾಜೀನಾಮೆ ಕೊಟ್ಟು ರಾಜ್ಯವೆಲ್ಲ ಸುದ್ದಿಯಾಯಿತು. ಅಂಗಡಿ ಎಲ್ಲಿರಬೇಕು, ಇರಬೇಕೋ ಬೇಡವೋ ಎಂದು ಇಲ್ಲಿ ಇಷ್ಟೆಲ್ಲ ಜಗಳವಾಗಿದೆ. ಕುಡಿದದ್ದನ್ನು ಅಳೆಯುವುದು ಹೇಗೆ ಎಂಬ ಬಗ್ಗೆ ಒಂದು ಸಭೆ ನಡೆದದ್ದೂ ಯಾರ ನೆನಪಿನಲ್ಲಿಲ್ಲ.

ಅಳೆಯುವ ಪದ್ಧತಿಯ ಮೊದಲ ಮೆಟ್ಟಿಲು ಮೂಗು. “ಎಣ್ಣಿ ಹಾಕ್ಯಾನ್ರೀ ಸರ, ಒಂದು ಸರ್ಟಿಫಿಕೇಟ್ ಬರಕೊಡ್ರಿ” ಎಂದು ಪೇದೆ ತಂದು ನಿಲ್ಲಿಸಿದವನ ಬಾಯಿ ಮೂಸಿ, ನಡೆಸಿ ನೋಡಿ, ಮಾತಾಡಿಸಿ, ಕಣ್ಣಿಗೆ ಟಾರ್ಚ್ ಬಿಟ್ಟು, ವೈದ್ಯರು ಮೂರರಲ್ಲೊಂದು ವಾಕ್ಯ ಬರೆಯುತ್ತಾರೆ: ಮದ್ಯ ಸೇವಿಸಿಲ್ಲ, ಸೇವಿಸಿದ್ದಾನೆ ಆದರೆ ಅಮಲಿನಲ್ಲಿಲ್ಲ, ಸೇವಿಸಿದ್ದಾನೆ ಮತ್ತು ಅಮಲಿನಲ್ಲಿದ್ದಾನೆ. ಈ ಮೂರು ವಾಕ್ಯ ದಶಕಗಳಿಂದ ಅಲ್ಲಾಡಿಲ್ಲ. ತಲೆಗೆ ಪೆಟ್ಟು ಬಿದ್ದವನೂ ತೊದಲುತ್ತಾನೆ, ಸಕ್ಕರೆ ಇಳಿದವನೂ ತೂರಾಡುತ್ತಾನೆ. ಸಕ್ಕರೆ ಕಾಯಿಲೆ ಕೈಮೀರಿದವನ ಉಸಿರು ಹಣ್ಣಿನ ವಾಸನೆ ಹೊಡೆಯುತ್ತದೆ. ಕುಡಿದವನೆಂದು ಮೂಲೆಗೆ ಮಲಗಿಸಿ, ಬೆಳಗಾಗುವುದರೊಳಗೆ ಮಿದುಳಿನ ರಕ್ತಸ್ರಾವಕ್ಕೆ ಬಲಿಕೊಟ್ಟ ಪ್ರಸಂಗ ವೈದ್ಯಕೀಯ ನ್ಯಾಯಶಾಸ್ತ್ರದ ಪ್ರತಿ ಪಠ್ಯದಲ್ಲೂ ಎಚ್ಚರಿಕೆಯ ಮಾತಾಗಿ ಬರುತ್ತದೆ.

ಸುಪ್ರೀಂ ಕೋರ್ಟ್ 1971ರಷ್ಟು ಹಿಂದೆಯೇ, ಬಚ್ಚೂಭಾಯಿ ಕರ್ಯಾನಿ ಪ್ರಕರಣದಲ್ಲಿ, ವಾಸನೆ, ತೂರಾಟ, ಹಿಗ್ಗಿದ ಪಾಪೆ ಇಷ್ಟರಿಂದಲೇ ಕುಡಿದಿದ್ದನೆಂದು ತೀರ್ಮಾನಿಸಲಾಗದು, ರಕ್ತ ಅಥವಾ ಮೂತ್ರದ ಪರೀಕ್ಷೆ ಆಗಬೇಕಿತ್ತು ಎಂದಿತ್ತು. ಐವತ್ತು ವರ್ಷ ಬಿಟ್ಟು, 2021ರ ಏಪ್ರಿಲ್‌ನಲ್ಲಿ, ಅದೇ ನ್ಯಾಯಾಲಯ ಇಫ್ಕೊ ಟೋಕಿಯೊ ವಿಮಾ ಕಂಪನಿ ಮತ್ತು ಪರ್ಲ್ ಬೆವರೇಜಸ್ ನಡುವಣ ವ್ಯಾಜ್ಯದಲ್ಲಿ ಬೇರೆ ದಿಕ್ಕಿನಿಂದ ಬಂತು. 2007ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಪೋರ್ಷೆ ಕಾರೊಂದು ನುಜ್ಜುಗುಜ್ಜಾಗಿತ್ತು. ಉಸಿರಿನ ಪರೀಕ್ಷೆ ಇಲ್ಲ, ರಕ್ತದ ಪರೀಕ್ಷೆ ಇಲ್ಲ, ಇದ್ದದ್ದು ವಾಸನೆ ಬರುತ್ತಿತ್ತೆಂಬ ಆಸ್ಪತ್ರೆಯ ಟಿಪ್ಪಣಿ ಮತ್ತು ಅಪಘಾತದ ಸನ್ನಿವೇಶ. ವಿಮೆ ನಿರಾಕರಿಸಲು ಅಷ್ಟು ಸಾಕು ಎಂದಾಯಿತು. ಒಂದು ಕ್ರಿಮಿನಲ್, ಇನ್ನೊಂದು ವಿಮೆ ಕರಾರು; ಎರಡರ ಸಾಕ್ಷ್ಯದ ತೂಕ ಬೇರೆ ಎಂಬ ಕಾನೂನು ಸರಿಯೇ. ಆದರೆ ಕೊಟ್ಟೂರಿನ ರೈತ ಕುಟುಂಬವೊಂದು ಅಪಘಾತ ವಿಮೆಗೆ ಅರ್ಜಿ ಹಾಕಿದಾಗ ಇದರ ಪರಿಣಾಮ ಏನು? ಡ್ಯೂಟಿ ಡಾಕ್ಟರು ಅವಸರದಲ್ಲಿ ಗೀಚಿದ ‘ವಾಸನೆ ಇದೆ’ ಎಂಬ ಎರಡು ಪದಗಳು ಲಕ್ಷಾಂತರ ರೂಪಾಯಿಯನ್ನು ಹಿಡಿದು ನಿಲ್ಲಿಸಬಲ್ಲವು.

ಎರಡನೆಯ ಮೆಟ್ಟಿಲು ಊದುವ ಯಂತ್ರ. ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಮೊದಲು ಹೇಳುತ್ತಿದ್ದದ್ದು ಈ ಯಂತ್ರವೊಂದನ್ನೇ. ಪ್ರಯೋಗಾಲಯದ ಪರೀಕ್ಷೆಯೂ ಸೇರಿದಂತೆ ಬೇರೆ ಯಾವುದೇ ಪರೀಕ್ಷೆ ಎಂಬ ಮಾತು 2019ರ ತಿದ್ದುಪಡಿಯಲ್ಲಿ ಸೇರಿತು. ಮೊದಲ ಸಲದ ದಂಡ 10,000 ರೂಪಾಯಿಗೆ ಏರಿದ್ದೂ ಆಗಲೇ. ಯಂತ್ರ ರಕ್ತವನ್ನು ಮುಟ್ಟುವುದಿಲ್ಲ. 2,100 ಭಾಗ ಉಸಿರಿನಲ್ಲಿರುವಷ್ಟು ಆಲ್ಕೋಹಾಲ್ ಒಂದು ಭಾಗ ರಕ್ತದಲ್ಲಿದೆ ಎಂಬ ಊಹೆಯ ಮೇಲೆ ಗುಣಾಕಾರ ಮಾಡುತ್ತದೆ. ಬಾಯಲ್ಲೇ ಉಳಿದ ಹನಿಗೂ ಹೆದರುತ್ತದೆ: 2025ರ ಜುಲೈನಲ್ಲಿ ಕೇರಳದ ಪಂದಳಂ ಬಸ್ ಡಿಪೋದಲ್ಲಿ ಚೆನ್ನಾಗಿ ಕಳಿತ ಹಲಸಿನ ತೊಳೆ ತಿಂದ ಚಾಲಕರು ಊದಿದಾಗ ಯಂತ್ರ ಕುಡಿದವರೆಂದಿತು. ಹದಿನೈದು ನಿಮಿಷ ಕಾಯಿಸಿ ಮತ್ತೆ ಊದಿಸಿದರೆ ಇಂಥ ತಪ್ಪು ಹೆಚ್ಚಾಗಿ ಕರಗುತ್ತದೆ. ಜಾತ್ರೆಯ ದಿನ ರಸ್ತೆ ಬದಿಗೆ ನಿಂತು ಕಾಯಿಸುವವರು ಯಾರು ಎಂಬುದು ಬೇರೆ ಮಾತು. ಇಷ್ಟಾದರೂ ಊದುವ ಯಂತ್ರಕ್ಕೆ ದೊಡ್ಡ ಗುಣವೊಂದಿದೆ. ಅದು ಅಪಘಾತದ ಹೊತ್ತಿಗೆ ಹತ್ತಿರವಿರುತ್ತದೆ.

ರಕ್ತಕ್ಕೆ ಆ ಭಾಗ್ಯವಿಲ್ಲ. ಸೀಸೆಯನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. ತಾಲ್ಲೂಕು ಆಸ್ಪತ್ರೆಯ ಲ್ಯಾಬಿನ ಡಬ್ಬದಲ್ಲಿ ಬೂದು ಮುಚ್ಚಳದ ಪುಟ್ಟ ಟ್ಯೂಬುಗಳಿರುತ್ತವೆ. ತಳದಲ್ಲಿ ಬಿಳಿ ಪುಡಿ, ಸೋಡಿಯಂ ಫ್ಲೋರೈಡ್ ಮತ್ತು ಪೊಟ್ಯಾಸಿಯಂ ಆಕ್ಸಲೇಟ್. ಅವು ಬಂದಿರುವುದು ಸಕ್ಕರೆ ಪರೀಕ್ಷೆಗೆ. ಪುಡಿ ಅದೇ, ಪ್ರಮಾಣ ಬೇರೆ: ಸಕ್ಕರೆಯ ಟ್ಯೂಬಿನಲ್ಲಿ ಪ್ರತಿ ಎಂ.ಎಲ್. ರಕ್ತಕ್ಕೆ 2-3 ಮಿಲಿಗ್ರಾಂ ಫ್ಲೋರೈಡ್ ಇದ್ದರೆ, ಮದ್ಯದ ಪರೀಕ್ಷೆಗೆ ಹೋಗುವ ರಕ್ತಕ್ಕೆ 10 ಮಿಲಿಗ್ರಾಂ ಆಸುಪಾಸು ಬೇಕು. ಫ್ಲೋರೈಡ್ ಕೆಲಸ ಸೂಕ್ಷ್ಮಾಣುಗಳ ಕೈ ಕಟ್ಟುವುದು. ಕಟ್ಟದಿದ್ದರೆ ಎರಡು ದಿಕ್ಕಿನಲ್ಲೂ ಮೋಸ. ಕೆಲವು ಸೂಕ್ಷ್ಮಾಣುಗಳು ಇದ್ದ ಆಲ್ಕೋಹಾಲನ್ನು ತಿಂದು ಹಾಕುತ್ತವೆ. ಕ್ಯಾಂಡಿಡಾದಂಥ ಯೀಸ್ಟುಗಳು ರಕ್ತದ ಸಕ್ಕರೆಯನ್ನೇ ಹುಳಿಯಿಸಿ, ಒಂದು ಹನಿಯೂ ಕುಡಿಯದವನ ಸೀಸೆಯಲ್ಲಿ ಆಲ್ಕೋಹಾಲ್ ತಯಾರಿಸುತ್ತವೆ. ಪುಡಿ ಕರಗುವಂತೆ ಸೀಸೆ ಚೆನ್ನಾಗಿ ಅಲ್ಲಾಡಿಸಬೇಕು, ಮೇಲೆ ಗಾಳಿ ಉಳಿಯದಂತೆ ತುಂಬಿಸಬೇಕು, ಫ್ರಿಜ್ಜಿನಲ್ಲಿಡಬೇಕು. ಏಪ್ರಿಲ್ ತಿಂಗಳ 40 ಡಿಗ್ರಿಯಲ್ಲಿ, ಕರೆಂಟು ಕಣ್ಣುಮುಚ್ಚಾಲೆ ಆಡುವ ಊರಿನಲ್ಲಿ, ಅರಗಿನ ಸೀಲು ಬಿದ್ದ ಆ ಸೀಸೆ ಠಾಣೆಯ ಕಪಾಟಿನಲ್ಲಿ ಪತ್ರ ತಯಾರಾಗುವವರೆಗೆ ಕಾಯ್ದು, ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೋ ಮುನ್ನೂರು ಕಿ.ಮೀ. ಆಚೆಯ ಬೆಂಗಳೂರಿನ ಮಡಿವಾಳದ ಎಫ್‌ಎಸ್‌ಎಲ್‌ಗೋ ಪೇದೆಯ ಚೀಲದಲ್ಲಿ ಬಸ್ ಹತ್ತುತ್ತದೆ.

ಇನ್ನು ಹತ್ತಿ. ಸೂಜಿ ಚುಚ್ಚುವ ಮೊದಲು ತೋಳಿಗೆ ಸ್ಪಿರಿಟ್ ಒರೆಸುವುದು ನರ್ಸುಗಳ ಕೈಗೆ ಬಂದ ಅಭ್ಯಾಸ, ಯೋಚಿಸಿ ಮಾಡುವುದಲ್ಲ. ಮದ್ಯ ಅಳೆಯುವ ರಕ್ತಕ್ಕೆ ಅದೇ ಅಭ್ಯಾಸ ಶತ್ರು. ಒರೆಸಿದ್ದು ಒಣಗಿದ ಮೇಲೆ ಚುಚ್ಚಿದರೆ ವ್ಯತ್ಯಾಸ ಅತ್ಯಲ್ಪ ಎಂದು ಪ್ರಯೋಗಗಳು ತೋರಿಸಿವೆ ನಿಜ. ಆದರೂ ಆರೋಪಿ ಪರ ವಕೀಲರಿಗೆ ಹತ್ತಿಯ ಆ ಒಂದು ಉಂಡೆ ಸಾಕು. “ಏನಿಂದ ಒರೆಸಿದಿರಿ?” ಎಂಬ ಪ್ರಶ್ನೆಗೆ ಎರಡು ವರ್ಷ ಬಿಟ್ಟು ಕಟಕಟೆ ಹತ್ತಿದ ವೈದ್ಯಾಧಿಕಾರಿಯ ಬಳಿ ಉತ್ತರವಿರುವುದಿಲ್ಲ, ಏಕೆಂದರೆ ಅದನ್ನು ಬರೆದುಕೊಳ್ಳುವ ಸಾಲೇ ಆ ನಮೂನೆಯಲ್ಲಿ ಇರುವುದಿಲ್ಲ.

ಇದೆಲ್ಲ ಹೊಸ ಜ್ಞಾನವೂ ಅಲ್ಲ. ಹೊಳೆಯಾಚೆಯ ಹಳೆಯ ಮುಂಬಯಿ ಪ್ರಾಂತ್ಯದ ಪಾನನಿಷೇಧ ಕಾಯ್ದೆಗೆ 1959ರಲ್ಲಿ ಮಾಡಿದ ನಿಯಮಗಳು ಸಿರಿಂಜನ್ನು ಕುದಿವ ನೀರಿನಲ್ಲಿ ಶುದ್ಧಮಾಡಿ, ಚರ್ಮವನ್ನು ಶುದ್ಧ ನೀರಿನಿಂದ ಒರೆಸಿ, ಯಾವ ಹಂತದಲ್ಲೂ ಆಲ್ಕೋಹಾಲ್ ಸೋಕಿಸದೆ, 5 ಸಿ.ಸಿ.ಗೆ ಕಡಿಮೆಯಿಲ್ಲದಂತೆ ರಕ್ತ ತೆಗೆದು, ಕಾಪಿಡುವ ಪುಡಿಯಿರುವ ಸೀಸೆಗೆ ಹಾಕಿ ಅಲ್ಲಾಡಿಸಬೇಕೆಂದು ಒಂದೊಂದಾಗಿ ಹೇಳಿದ್ದವು. ಅಷ್ಟರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗಿ ಧಾರವಾಡ ಮೈಸೂರಿಗೆ ಬಂದಿತ್ತು. ನಿಯಮಗಳು ಮಹಾರಾಷ್ಟ್ರ, ಗುಜರಾತುಗಳ ಪಾಲಾದವು. ಹೆದ್ದಾರಿಯ ಕುಡುಕರನ್ನು ಹಿಡಿಯಲು ಬಂದ 1988ರ ಮೋಟಾರು ವಾಹನ ಕಾಯ್ದೆಯ 204ನೇ ಕಲಮು ರಕ್ತವನ್ನು ನೋಂದಾಯಿತ ವೈದ್ಯರು ತೆಗೆಯಬೇಕು, ಮಹಿಳೆಯಾದರೆ ಹೀಗೆ ಮಾಡಬೇಕು ಎಂದೆಲ್ಲ ಹೇಳಿ, ಹತ್ತಿಯ ಬಗ್ಗೆಯೂ ಪುಡಿಯ ಬಗ್ಗೆಯೂ ತುಟಿ ಬಿಚ್ಚುವುದಿಲ್ಲ.

ಪ್ರಯೋಗಾಲಯದೊಳಗೆ ಮಾತ್ರ ಪರಿಸ್ಥಿತಿ ಎಷ್ಟೋ ಸುಧಾರಿಸಿದೆ. ಹಿಂದೆ ಡೈಕ್ರೊಮೇಟ್ ವಿಧಾನವಿತ್ತು. ಹಳದಿ ದ್ರಾವಣ ಹಸಿರಾದರೆ ಆಲ್ಕೋಹಾಲ್ ಇದೆಯೆಂದು. ಅದಕ್ಕೆ ಎಥೆನಾಲ್, ಮೆಥನಾಲ್, ಅಸಿಟಾಲ್ಡಿಹೈಡ್ ಎಂಬ ಭೇದ ಗೊತ್ತಿರಲಿಲ್ಲ. ಈಗಿನ ಗ್ಯಾಸ್ ಕ್ರೊಮ್ಯಾಟೊಗ್ರಫಿ ಮುಚ್ಚಿದ ಸೀಸೆಯ ಮೇಲ್ಭಾಗದ ಆವಿಯನ್ನು ಹೀರಿ, ಒಂದೊಂದನ್ನೂ ಬೇರ್ಪಡಿಸಿ ಅಳೆಯುತ್ತದೆ. ಸರಿಯಾಗಿ ನಡೆಸಿದರೆ ಇದರ ಮೇಲೆ ದೂರು ಹೇಳುವುದು ಕಷ್ಟ. ದೊಡ್ಡ ಆಸ್ಪತ್ರೆಗಳ ಲ್ಯಾಬುಗಳಲ್ಲಿ ನಡೆಯುವ ಕಿಣ್ವ ಆಧಾರಿತ ಪರೀಕ್ಷೆಯ ಬಗ್ಗೆ ಹೀಗೆ ಹೇಳಲು ಬರುವುದಿಲ್ಲ. ಅದು ಅಳೆಯುವುದು ರಕ್ತದ ತಿಳಿಯನ್ನು. ತಿಳಿಯಲ್ಲಿ ನೀರು ಹೆಚ್ಚು, ಹಾಗಾಗಿ ಆಲ್ಕೋಹಾಲೂ ಇಡೀ ರಕ್ತಕ್ಕಿಂತ ಶೇ. 10ರಿಂದ 18 ಹೆಚ್ಚು. ಕಾನೂನಿನ 30 ಇರುವುದು ಇಡೀ ರಕ್ತಕ್ಕೆ. ಸಾಲದ್ದಕ್ಕೆ, ಭಾರಿ ಪೆಟ್ಟು ಬಿದ್ದವರ ರಕ್ತದಲ್ಲಿ ಲ್ಯಾಕ್ಟೇಟ್ ಏರಿರುತ್ತದೆ, ಅದು ಕಿಣ್ವವನ್ನು ಏಮಾರಿಸಿ ಇಲ್ಲದ ಆಲ್ಕೋಹಾಲನ್ನು ತೋರಿಸಬಲ್ಲದು. ಅಪಘಾತದ ಗಾಯಾಳುವಿಗೇ ಈ ಪರೀಕ್ಷೆ ಹೆಚ್ಚಾಗಿ ನಡೆಯುವುದು ಎಂಬುದು ವಿಪರ್ಯಾಸ.

ಆಲ್ಕೋಹಾಲ್ ಬೇಗ ಕರಗಿಹೋಗುವುದಾದರೆ ಅದರ ಹಿಂದೆ ಉಳಿಯುವ ಕುರುಹನ್ನೇ ಹಿಡಿಯಬಾರದೇಕೆ? ಈ ಆಸೆಗೆ ಅರ್ಧ ಶತಮಾನದ ಇತಿಹಾಸವಿದೆ, ಮತ್ತದು ಅಷ್ಟೇನೂ ಹೆಮ್ಮೆಯ ಇತಿಹಾಸವಲ್ಲ. ಯಕೃತ್ತು ಆಲ್ಕೋಹಾಲನ್ನು ಮೊದಲು ಅಸಿಟಾಲ್ಡಿಹೈಡ್ ಮಾಡುತ್ತದೆ, ಆಮೇಲೆ ಅಸಿಟೇಟ್. ಅಸಿಟಾಲ್ಡಿಹೈಡ್ ವಿಷ, ಮುಖ ಕೆಂಪೇರಿಸುವುದು, ಎದೆ ಹೊಡೆದುಕೊಳ್ಳುವಂತೆ ಮಾಡುವುದು ಅದೇ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆ ಕೆಲಸ ಮಾಡುವುದೂ ಅದನ್ನು ರಕ್ತದಲ್ಲಿ ಕೂಡಿಹಾಕಿ. 1975ರಲ್ಲಿ ನ್ಯೂಯಾರ್ಕಿನ ಚಾರ್ಲ್ಸ್ ಲೀಬರ್ ತಂಡ, ಕುಡುಕರ ರಕ್ತದಲ್ಲಿ ಕುಡುಕರಲ್ಲದವರಿಗಿಂತ ಅಸಿಟಾಲ್ಡಿಹೈಡ್ ಹೆಚ್ಚೆಂದು ಪ್ರಕಟಿಸಿದಾಗ ಕುಡಿತದ ಗುಟ್ಟೇ ಸಿಕ್ಕಿತೆಂದು ಉತ್ಸಾಹ ಹುಟ್ಟಿತು.

ಅಳೆಯಹೊರಟ ಪ್ರಯೋಗಾಲಯಗಳಿಗೆಲ್ಲ ಬೇರೆ ಬೇರೆ ಅಂಕಿ ಬಂತು. ಕಾರಣ ಹುಡುಕಿದವರಲ್ಲಿ ಮುಂದಿದ್ದವರು ಹೆಲ್ಸಿಂಕಿಯ ಪೀಟರ್ ಎರಿಕ್ಸನ್. ಅಳತೆಗೆ ಮೊದಲು ರಕ್ತದ ಪ್ರೋಟೀನನ್ನು ಆಮ್ಲ ಹಾಕಿ ಒಡೆಸಬೇಕಿತ್ತು. ಆ ಕ್ರಿಯೆಯಲ್ಲಿ, ಕೆಂಪು ರಕ್ತಕಣಗಳ ಸಮ್ಮುಖದಲ್ಲಿ, ಸೀಸೆಯಲ್ಲಿದ್ದ ಆಲ್ಕೋಹಾಲೇ ಅಸಿಟಾಲ್ಡಿಹೈಡ್ ಆಗುತ್ತಿತ್ತು! ಅಳೆಯುತ್ತಿದ್ದ ವಸ್ತುವನ್ನು ಅಳತೆಯೇ ಹುಟ್ಟಿಸುತ್ತಿತ್ತು. ಇನ್ನೊಂದು ಕಡೆಯಿಂದ, ನಿಜವಾಗಿ ಇದ್ದ ಚೂರುಪಾರು ಹಿಮೋಗ್ಲೋಬಿನ್‌ಗೆ ಅಂಟಿಕೊಂಡು ನಿಮಿಷಗಳಲ್ಲಿ ಮಾಯವಾಗುತ್ತಿತ್ತು, ಇಲ್ಲವೇ ಹಾರಿಹೋಗುತ್ತಿತ್ತು. ಅಸಿಟಾಲ್ಡಿಹೈಡಿನ ಕುದಿಬಿಂದು 20 ಡಿಗ್ರಿಯ ಆಸುಪಾಸು, ಹಡಗಲಿಯ ಮಾಘದ ಬೆಳಗಿಗೂ ಅದು ಕಷ್ಟಪಟ್ಟು ನಿಂತೀತು. ರಕ್ತವನ್ನು ತೆಗೆದ ಕ್ಷಣವೇ ತಣ್ಣಗಿನ ಸೆಮಿಕಾರ್ಬಜೈಡ್ ದ್ರಾವಣಕ್ಕೆ ಹಾಕಿ ಕಣಗಳನ್ನು ಬೇರ್ಪಡಿಸಿದಾಗ ಕಂಡದ್ದೇನೆಂದರೆ, ಸಾಮಾನ್ಯ ಕುಡಿಯುವವನ ತೋಳಿನ ರಕ್ತದಲ್ಲಿ ಅಸಿಟಾಲ್ಡಿಹೈಡ್ ಅಳತೆಗೆ ಸಿಗದಷ್ಟು ಕಡಿಮೆ. ಅದನ್ನು ಕರಗಿಸುವ ಕಿಣ್ವದ ವಂಶವಾಹಿ ದುರ್ಬಲವಾಗಿರುವ ಜಪಾನ್, ಚೀನಾ, ಕೊರಿಯಾದ ಅನೇಕರಲ್ಲಿ ಮಾತ್ರ ಅದು ನಿಜಕ್ಕೂ ಏರುತ್ತದೆ. ಭಾರತೀಯರಲ್ಲಿ ಆ ವಂಶವಾಹಿ ವಿರಳ. ಹತ್ತಾರು ವರ್ಷಗಳ ಲೇಖನಗಳ ದೊಡ್ಡ ಭಾಗವನ್ನು ಅನುಮಾನದಿಂದ ಓದಬೇಕಾಗಿ ಬಂತು.

ಈಗ ಭರವಸೆ ಫಾಸ್ಫಾಟಿಡಿಲ್‌ಎಥನಾಲ್ ಮೇಲೆ. ವಿಜ್ಞಾನಿಗಳು ಚಿಕ್ಕದಾಗಿ ‘ಪೆತ್’ ಎನ್ನುತ್ತಾರೆ. ಕೆಂಪು ಕಣಗಳ ಪೊರೆಯಲ್ಲಿ ಆಲ್ಕೋಹಾಲ್ ಇದ್ದರಷ್ಟೇ ಹುಟ್ಟುವ ಕೊಬ್ಬಿನ ಅಣು ಇದು. ಎರಡು-ಮೂರು ವಾರದ ಹಿಂದಿನ ಕುಡಿತವನ್ನೂ ಹೇಳುತ್ತದೆ. ಯಕೃತ್ತಿನ ಕಸಿಗೆ ಮುನ್ನ, ವ್ಯಸನಮುಕ್ತಿ ಚಿಕಿತ್ಸೆಯಲ್ಲಿ, ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೆ ಕುಡಿತವಿಲ್ಲ ಅಥವಾ ಅತ್ಯಲ್ಪ, 200ಕ್ಕೂ ಹೆಚ್ಚಿದ್ದರೆ ವಿಪರೀತ ಎಂಬ ಗೆರೆಗಳನ್ನು ತಜ್ಞರು 2022ರಲ್ಲಿ ಬಾಸೆಲ್ ಒಮ್ಮತದಲ್ಲಿ ಒಪ್ಪಿಕೊಂಡಿದ್ದಾರೆ. ಹಳ್ಳಿಯ ವೈದ್ಯರು ಇಂದಿಗೂ ನೆಚ್ಚಿರುವ ಯಕೃತ್ತಿನ ಕಿಣ್ವ ಜಿಜಿಟಿಗಿಂತ ಇದು ಎಷ್ಟೋ ಮೇಲು. ಜಿಜಿಟಿ ಕೊಬ್ಬು ತುಂಬಿದ ಯಕೃತ್ತಿಗೂ ಏರುತ್ತದೆ, ಮೂರ್ಛೆರೋಗದ ಮಾತ್ರೆಗೂ ಏರುತ್ತದೆ. ಕೆಂಪು ಕಣಗಳ ಗಾತ್ರ ನೋಡಿ ಕುಡುಕನೆನ್ನುವ ಇನ್ನೊಂದು ಪದ್ಧತಿಯಂತೂ ಬಿ12 ಕೊರತೆಯ ಸಸ್ಯಾಹಾರಿ ಅಜ್ಜಿಯನ್ನೂ ಬಿಡುವುದಿಲ್ಲ.

ಆದರೂ ಪೆತ್ ಕೂಡ ಅದೇ ಹಳೆಯ ಗುಂಡಿಯ ಅಂಚಿನಲ್ಲಿ ನಿಂತಿದೆ. ತೆಗೆದ ರಕ್ತದಲ್ಲಿ ಆಲ್ಕೋಹಾಲ್ ಇದ್ದರೆ, ಸೀಸೆಯನ್ನು ಮೇಜಿನ ಮೇಲೆ ಬಿಟ್ಟಷ್ಟು ಹೊತ್ತೂ ಪೆತ್ ಹುಟ್ಟುತ್ತಲೇ ಇರುತ್ತದೆ. ಮೈನಸ್ 20 ಡಿಗ್ರಿ ಸಾಲದು, ಮೈನಸ್ 80 ಬೇಕು. ಕುಡಿದವನ ರಕ್ತವನ್ನು ಹಾಕಿಸಿಕೊಂಡ ರೋಗಿಯಲ್ಲೂ ಅದು ಕಾಣಿಸಬಹುದು. ಅಣು ಇರುವುದು ಕೆಂಪು ಕಣದಲ್ಲಾದ್ದರಿಂದ, ಕಣಗಳೇ ಕಡಿಮೆಯಿದ್ದರೆ ಅಂಕಿಯೂ ತಗ್ಗಬಹುದು. ರಕ್ತಹೀನತೆ ಮನೆಮಾತಾಗಿರುವ ಕಲ್ಯಾಣ ಕರ್ನಾಟಕದಲ್ಲಿ, ಯೂರೋಪಿನ ಗಟ್ಟಿ ರಕ್ತದ ಮೇಲೆ ಎಳೆದ 20 ಮತ್ತು 200ರ ಗೆರೆಗಳನ್ನು ಹಾಗೆಯೇ ತಂದು ಅಂಟಿಸುವ ಮುನ್ನ ಯಾರಾದರೂ ಇಲ್ಲಿನ ರಕ್ತದ ಮೇಲೆ ಕೂತು ಕೆಲಸ ಮಾಡಬೇಕು. ಬೆರಳಿನ ಹನಿಯನ್ನು ಕಾಗದದ ಮೇಲೆ ಒಣಗಿಸಿ ಕಳಿಸುವ ಪದ್ಧತಿ ಬಂದಿದೆ. ಒಣಗಿದ ಹನಿಯಲ್ಲಿ ಹೊಸ ಪೆತ್ ಹುಟ್ಟುವುದಿಲ್ಲ, ಐಸ್ ಬಾಕ್ಸಿನ ಗೋಜೂ ಇಲ್ಲ. ನಮ್ಮ ದೂರಗಳಿಗೂ ಬಿಸಿಲಿಗೂ ಹೇಳಿ ಮಾಡಿಸಿದಂತಿರುವುದು ಇದೊಂದೇ.

ಸತ್ತವರ ರಕ್ತದ ಮಾತು ಬೇರೆಯೇ. ಹೃದಯದಿಂದ ತೆಗೆದ ರಕ್ತಕ್ಕೆ ಹೊಟ್ಟೆಯಲ್ಲುಳಿದ ಮದ್ಯ ಇಳಿದು ಬಂದಿರಬಹುದು. ತೊಡೆಯ ನರದಿಂದ ತೆಗೆಯಬೇಕು. 1997ರಲ್ಲಿ ಪ್ಯಾರಿಸ್ಸಿನಲ್ಲಿ ರಾಜಕುಮಾರಿ ಡಯಾನಾ ಸತ್ತ ಕಾರಿನ ಚಾಲಕ ಆನ್ರಿ ಪೋಲ್ ರಕ್ತದ ಮೇಲೆ ಜಗತ್ತೇ ಕಣ್ಣಿಟ್ಟಿತ್ತು. ಅಂಥ ಪ್ರಕರಣದಲ್ಲೂ ಮಾದರಿಯನ್ನು ದೇಹದ ಯಾವ ಭಾಗದಿಂದ ತೆಗೆದರು, ಕಾರ್ಬನ್ ಮಾನಾಕ್ಸೈಡ್ ಅಷ್ಟು ಹೆಚ್ಚಿದ್ದುದೇಕೆ ಎಂಬ ತಕರಾರು ವರ್ಷಗಟ್ಟಲೆ ನಡೆಯಿತು. ಕೊಳೆಯತೊಡಗಿದ ಶವದಲ್ಲಿ ಆಲ್ಕೋಹಾಲ್ ತಾನಾಗಿ ಹುಟ್ಟುತ್ತದೆ. ಕುಡಿದದ್ದೋ ಹುಟ್ಟಿದ್ದೋ ಎಂದು ಬಿಡಿಸಿ ಹೇಳಬಲ್ಲದ್ದು ಎಥೈಲ್ ಸಲ್ಫೇಟ್‌ನಂಥ ಉಪಉತ್ಪನ್ನ. ಬದುಕಿದ್ದಾಗ ಯಕೃತ್ತಿನಲ್ಲಿ ಆಗುವಂಥದು ಅದು. ಹಾಗಾಗಿ ತುಂಗಭದ್ರೆಯಲ್ಲಿ ಮೂರು ದಿನ ತೇಲಿ ಸಿಕ್ಕ ಶವದ ವರದಿಯಲ್ಲಿ ‘ಆಲ್ಕೋಹಾಲ್ ಇದೆ’ ಎಂಬ ಸಾಲೊಂದೇ ಇದ್ದರೆ, ಕುಡಿದು ಹೊಳೆಗೆ ಬಿದ್ದನೆಂದು ಷರಾ ಬರೆಯುವುದು ಅವಸರವಾಗುತ್ತದೆ.

ಉಪಉತ್ಪನ್ನವೇ ಜೀವ ತೆಗೆಯುವ ಸಂದರ್ಭವೂ ಇದೆ. ಕಳ್ಳಬಟ್ಟಿಯಲ್ಲಿ ಸೇರುವ ಮೆಥನಾಲಿನ ವಿಷ ತಾನಾಗಿ ಅಷ್ಟಕ್ಕಷ್ಟೇ. ಅದು ಯಕೃತ್ತಿನಲ್ಲಿ ಫಾರ್ಮಾಲ್ಡಿಹೈಡ್ ಆಗಿ, ಫಾರ್ಮಿಕ್ ಆಮ್ಲವಾಗಿ ಕಣ್ಣು ಕಳೆದು ಪ್ರಾಣ ಹೀರುತ್ತದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ, ಸಾರಾಯಿ ನಿಂತು ವರ್ಷ ತುಂಬುವ ಮೊದಲೇ 2008ರ ಮೇನಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿ ಕಡೆ ನೂರಕ್ಕೂ ಹೆಚ್ಚು ಜನ, 2024ರ ಜೂನ್‌ನಲ್ಲಿ ತಮಿಳುನಾಡಿನ ಕಳ್ಳಕುರಿಚಿಯಲ್ಲಿ ಅರವತ್ತಕ್ಕೂ ಹೆಚ್ಚು ಜನ ಹೀಗೆ ಸತ್ತರು. ತಡವಾಗಿ ಆಸ್ಪತ್ರೆಗೆ ಬಂದವನ ರಕ್ತದಲ್ಲಿ ಮೆಥನಾಲ್ ಬಹುಪಾಲು ಮುಗಿದಿರುತ್ತದೆ, ಉಳಿದಿರುವುದು ಫಾರ್ಮೇಟ್. ಮೆಥನಾಲ್ ಮಾತ್ರ ಅಳೆದರೆ ‘ಅಷ್ಟೇನಿಲ್ಲ’ ಎನಿಸುತ್ತದೆ. ಫಾರ್ಮೇಟ್ ಅಳೆಯುವ ಸೌಕರ್ಯ ತಾಲ್ಲೂಕು ಆಸ್ಪತ್ರೆಯಲ್ಲಿ ಬಿಡಿ, ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿ ಮೆಡಿಕಲ್ ಕಾಲೇಜಿನಂಥ ಕಡೆಯೂ ರಾತ್ರೋರಾತ್ರಿ ಸಿಗುವಂಥದಲ್ಲ. ವೈದ್ಯರು ರಕ್ತದ ಆಮ್ಲತೆ ನೋಡಿ, ಕಣ್ಣು ಮಂಜಾಯಿತೇ ಎಂದು ಕೇಳಿ ಚಿಕಿತ್ಸೆ ಶುರು ಮಾಡುತ್ತಾರೆ, ಅದೇ ಸರಿ. ಮರಣೋತ್ತರ ಪರೀಕ್ಷೆಯಲ್ಲಿ ಇನ್ನೊಂದು ಎಡವಟ್ಟು ಕಾದಿರುತ್ತದೆ. ಅಂಗಾಂಶವನ್ನು ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಮುಗಿಯಿತು, ಫಾರ್ಮಲಿನ್‌ನಲ್ಲೇ ಫಾರ್ಮಾಲ್ಡಿಹೈಡ್ ಇದೆ, ಅದು ಕೆಡದಿರಲೆಂದು ಬೆರೆಸಿದ ಮೆಥನಾಲೂ ಇದೆ.

ಇಷ್ಟನ್ನೂ ತೂಗಿ ನೋಡಿದರೆ ಈ ಪದ್ಧತಿಯ ದೋಷ ಯಂತ್ರದಲ್ಲಿಲ್ಲ. ಸರ್ಕಾರ ಹಣ ಸುರಿಯುವುದು ದಾರಿಯ ಕೊನೆಗೆ: ಹೊಸ ಪ್ರಯೋಗಾಲಯ, ಹೊಸ ಕ್ರೊಮ್ಯಾಟೊಗ್ರಾಫ್, ಉದ್ಘಾಟನೆಯ ಕಲ್ಲು. ದಾರಿ ಕೆಡುವುದು ಮೊದಲ ಮೂರು ತಾಸಿನಲ್ಲಿ, ಹತ್ತಿಯಲ್ಲಿ, ಹತ್ತು ಮಿಲಿಗ್ರಾಂ ಪುಡಿಯಲ್ಲಿ, ಫ್ರಿಜ್ಜಿನಲ್ಲಿ. ಬೇಕಿರುವುದು ಇಷ್ಟೇ: ಸರಿಯಾದ ಪ್ರಮಾಣದ ಫ್ಲೋರೈಡ್ ಇರುವ ಸೀಸೆ, ನೀರಿನಲ್ಲಿ ಅದ್ದಿದ ಹತ್ತಿ, ಅಪಘಾತದ ಹೊತ್ತು ಮತ್ತು ರಕ್ತ ತೆಗೆದ ಹೊತ್ತು ಎರಡನ್ನೂ ಬರೆಯುವ ಎರಡು ಖಾನೆ, ಒಂದು ತಾಸು ಬಿಟ್ಟು ಎರಡನೆಯ ಮಾದರಿ. ಎರಡು ಮಾದರಿ ಇದ್ದರೆ ಆ ವ್ಯಕ್ತಿಯ ರಕ್ತ ತಾಸಿಗೆ ಎಷ್ಟು ಇಳಿಯುತ್ತಿದೆ, ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಗೊತ್ತಾಗಿ, 10-25ರ ಆ ಅಗಲವಾದ ಊಹೆ ಕಿರಿದಾಗುತ್ತದೆ. ಒಂದು ತಾಲ್ಲೂಕು ಆಸ್ಪತ್ರೆಯ ಬಜೆಟ್ಟಿನಲ್ಲಿ ಇದು ಲೆಕ್ಕಕ್ಕೇ ಬರದ ಖರ್ಚು. ಅಪ್ರಾಮಾಣಿಕತೆಗೆ ಮಾತ್ರ ಯಾವ ಪುಡಿಯೂ ಇಲ್ಲ: 2024ರ ಮೇನಲ್ಲಿ ಪುಣೆಯ ಪೋರ್ಷೆ ಅಪಘಾತದ ನಂತರ ಸಸೂನ್ ಆಸ್ಪತ್ರೆಯಲ್ಲಿ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದ ಮೇಲೆ ವೈದ್ಯರ ಬಂಧನವಾಯಿತು.

ಇನ್ನೊಂದು ಕೊರತೆ ಕಾನೂನಿನದೇ. ಇಂಗ್ಲೆಂಡಿನಲ್ಲಿ ಮಿತಿ 80. ಆದರೂ 100ರೊಳಗಿನ ಅಂಕಿ ಬಂದರೆ ಅಳತೆಯ ಏರುಪೇರಿಗೆಂದು ಅದರಿಂದ 6 ಕಳೆದು ಉಳಿದದ್ದನ್ನೇ ಚಾಲಕನ ಮೇಲೆ ಹಾಕುತ್ತಾರೆ. ತೆಗೆದ ರಕ್ತವನ್ನು ಎರಡು ಪಾಲು ಮಾಡಿ, ಕೇಳಿದರೆ ಒಂದನ್ನು ಚಾಲಕನಿಗೇ ಕೊಡುತ್ತಾರೆ, ಬೇಕಾದಲ್ಲಿ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು. ನಮ್ಮ ಮಿತಿ 30, ಅಂದರೆ ಆ 6 ಇಲ್ಲಿ ಐದನೇ ಒಂದು ಭಾಗ. 33 ಎಂಬ ವರದಿ ಬಂದರೆ ಅದು ಮಿತಿಯ ಆಚೆಯೋ ಈಚೆಯೋ ಎಂದು ಪ್ರಯೋಗಾಲಯದವರನ್ನೇ ಕರೆಸಿ ಕೇಳಬೇಕು. ಆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 329ನೇ ಕಲಮು, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 293ರಂತೆಯೇ, ಸರ್ಕಾರಿ ವಿಜ್ಞಾನಿಯ ವರದಿಯನ್ನು ಅವರನ್ನು ಕರೆಸದೆಯೂ ಸಾಕ್ಷ್ಯವೆಂದು ಒಪ್ಪುತ್ತದೆ. ಕರೆಸುವ ಅಧಿಕಾರ ನ್ಯಾಯಾಲಯಕ್ಕೆ ಇದ್ದೇ ಇದೆ. ಹರಪನಹಳ್ಳಿಯ ಕೋರ್ಟಿನಲ್ಲಿ ದಂಡ ಕಟ್ಟಿ ಮನೆಗೆ ಹೋದರೆ ಸಾಕೆನ್ನುವ ಟ್ರ್ಯಾಕ್ಟರ್ ಡ್ರೈವರ್ ಪರವಾಗಿ ಆ ಅರ್ಜಿ ಹಾಕುವ ವಕೀಲರು ಸಿಗುವುದು ಅಪರೂಪ.